ಜಿನೀವಾದ ಬದು, ದೆಹಲಿಯ ಉಳುಮೆ



ತೊಂಬತ್ತರ ದಶಕದ ಆರಂಭದಲ್ಲಿ ಕರ್ನಾಟಕದ ಹಳ್ಳಿಗಳ ಅರಳಿಕಟ್ಟೆಯವರೆಗೂ ಬಂದ ಒಂದು ಪರದೇಶದ ಹೆಸರು ಡಂಕೆಲ್. ಆರ್ಥರ್ ಡಂಕೆಲ್ ಎಂಬುವರು ಗ್ಯಾಟ್ ಎನ್ನುವ ವ್ಯಾಪಾರ ಒಪ್ಪಂದದ ಮಹಾನಿರ್ದೇಶಕರಾಗಿದ್ದರು. ಅವರು 1991ರ ಡಿಸೆಂಬರ್‌ನಲ್ಲಿ ಮುಂದಿಟ್ಟ ಕರಡಿನಲ್ಲಿ ಬೇಸಾಯವೂ ಬೀಜದ ಹಕ್ಕೂ ಸೇರಿದ್ದವು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘ ಅದರ ವಿರುದ್ಧ ಬೀದಿಗಿಳಿಯಿತು. 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿದ್ದ ಕಾರ್ಗಿಲ್ ಬೀಜ ಕಂಪೆನಿಯ ಕಚೇರಿಗೆ ರೈತರು ನುಗ್ಗಿದರು. ಮರುವರ್ಷ ರಾಜಧಾನಿಯಲ್ಲಿ ದೊಡ್ಡ ಸಮಾವೇಶವೇ ನಡೆಯಿತು. ಆದರೂ 1994ರ ಏಪ್ರಿಲ್ 15ರಂದು ಮೊರಾಕೊದ ಮರ್ರಾಕೇಶ್ ನಗರದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿತು. 1995ರ ಜನವರಿ 1ರಂದು ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಭಾರತ ಅದರ ಸ್ಥಾಪಕ ಸದಸ್ಯ ರಾಷ್ಟ್ರಗಳಲ್ಲೊಂದು.

ಅಲ್ಲಿಂದೀಚೆಗೆ ಮೂರು ದಶಕಗಳು ಕಳೆದಿವೆ. ಆ ನಿಯಮಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲ ತೋಟಗಳಿಗೆ ಹೇಗೆ ತಲುಪಿದವು? ಈಗ ಆ ನಿಯಮಗಳೇ ಸಡಿಲವಾಗುತ್ತಿರುವಾಗ ಈ ಭಾಗದ ರೈತ ಹಿಗ್ಗಬೇಕೋ, ಕುಗ್ಗಬೇಕೋ?

ಮೊದಲಿಗೆ ಸುಂಕದ ಮಾತು. ಪ್ರತಿಯೊಂದು ಸದಸ್ಯ ದೇಶವೂ ಬೇಸಾಯದ ಸರಕುಗಳಿಗೆ ಆಮದು ಸುಂಕದ ಗರಿಷ್ಠ ಮಿತಿಯನ್ನು ಜಿನೀವಾದಲ್ಲಿ ಬರೆದುಕೊಟ್ಟಿದೆ. ಇದು ಹೊಲದ ಬದುವಿನಂತೆ. ಬದು ದಾಟುವಂತಿಲ್ಲ, ಒಳಗೆ ಹೇಗೆ ಉಳಬೇಕೆಂಬುದು ಮಾತ್ರ ಹೊಲದವನ ಇಷ್ಟ. ಬಹುಮಂದಿ ಮರೆಯುವುದು ಇದನ್ನೇ.

ಚನ್ನರಾಯಪಟ್ಟಣದ ತೆಂಗು ಇದಕ್ಕೆ ಒಳ್ಳೆಯ ನಿದರ್ಶನ. ಈ ಸೀಮೆಯ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನುವುದಕ್ಕೆ ಹೋಗುತ್ತದೆ, ಗಾಣಕ್ಕಲ್ಲ. ಆದರೂ ಅಗ್ಗದ ಎಣ್ಣೆ ಮಾರುಕಟ್ಟೆಗೆ ಹರಿದು ಬಂದಾಗ ತೆಂಗಿನ ದರವೂ ಜಗ್ಗುತ್ತದೆ. ತಾಳೆ ಎಣ್ಣೆಗೆ ಭಾರತ ಜಿನೀವಾದಲ್ಲಿ ಬರೆದುಕೊಟ್ಟ ಮಿತಿ ಶೇ 300. ಎಂದರೆ ನೂರು ರೂಪಾಯಿಯ ಎಣ್ಣೆಗೆ ಮುನ್ನೂರು ರೂಪಾಯಿ ಸುಂಕ ಹಾಕಿದರೂ ಜಿನೀವಾದ ನಿಯಮದಡಿ ಯಾವ ದೇಶವೂ ತಕರಾರು ಎತ್ತುವಂತಿಲ್ಲ. ನಡೆದದ್ದೇನು? 1994ರಲ್ಲಿ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ತೆರೆದಾಗ ಸುಂಕ ಶೇ 65 ಇತ್ತು. 1998ರ ಹೊತ್ತಿಗೆ ಅದು ಶೇ 15ರ ಆಸುಪಾಸಿಗೆ ಇಳಿದಿತ್ತು. ತೀರ ಈಚೆಗೆ, 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ತಾಳೆ ಎಣ್ಣೆಯ ಮೂಲ ಸುಂಕವನ್ನು ಶೇ 20ಕ್ಕೆ ಏರಿಸಿ, 2025ರ ಮೇ ಕೊನೆಯಲ್ಲಿ ಮತ್ತೆ ಶೇ 10ಕ್ಕೆ ಇಳಿಸಲಾಯಿತು. ಈ ಏರಿಳಿತಗಳಲ್ಲಿ ಒಂದನ್ನೂ ಜಿನೀವಾ ಆಜ್ಞಾಪಿಸಲಿಲ್ಲ. ಕೊಳ್ಳುವವರಿಗೆ ಎಣ್ಣೆ ತುಟ್ಟಿಯಾಗಬಾರದೆಂದು ದೆಹಲಿ ಕೈಗೊಂಡ ತೀರ್ಮಾನಗಳು ಇವು. ಕೂಲಿಯವನ ಮನೆಯ ಒಗ್ಗರಣೆಯೂ ಮುಖ್ಯವೇ, ಅದನ್ನು ಅಲ್ಲಗಳೆಯಲಾಗದು. ಆದರೆ ಅದರ ಬೆಲೆಯನ್ನು ತೆಂಗಿನ ತೋಟದವನೂ ತೆರುತ್ತಾನೆ. ಸುಂಕವೊಂದೇ ದರವನ್ನು ನಿರ್ಧರಿಸುವುದಿಲ್ಲವೆಂಬುದೂ ನಿಜ: 2023ರಲ್ಲಿ ಉಂಡೆ ಕೊಬ್ಬರಿಯ ಪೇಟೆ ದರ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿಯಿತು, 2025ರಲ್ಲಿ ಫಸಲು ಕಡಿಮೆಯಾಗಿ ಅದೇ ತೆಂಗು ದುಬಾರಿಯಾಯಿತು.

ಹಾಸನದ ಆಲೂಗಡ್ಡೆಯ ಕತೆ ಬೀಜದ ಕತೆ. ಇಲ್ಲಿ ಮುಂಗಾರು ಮಳೆಯನ್ನು ನಂಬಿ ಬಿತ್ತುವ ಆಲೂಗಡ್ಡೆಗೆ ಬೀಜ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಬಿತ್ತನೆ ಗಡ್ಡೆಯನ್ನು ಹಣ ಕೊಟ್ಟು ತರುವ ರೈತನಿಗೆ ಅದರ ಮೇಲೆ ಯಾರ ಹಕ್ಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಸಸ್ಯ ತಳಿಗಳಿಗೆ ಪೇಟೆಂಟ್ ಕೊಡಬೇಕು, ಇಲ್ಲವೇ ತನ್ನದೇ ಆದ ಪರಿಣಾಮಕಾರಿ ಕಾನೂನು ಮಾಡಬೇಕು ಎಂಬುದು ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದದ ಷರತ್ತು. ಭಾರತ ಎರಡನೆಯ ದಾರಿ ಹಿಡಿದು 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ತಂದಿತು. ನೋಂದಾಯಿತ ತಳಿಯಾದರೂ ರೈತ ತನ್ನ ಬೆಳೆಯ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಪೆಪ್ಸಿಕೊ ಕಂಪೆನಿ ತನ್ನ ಆಲೂಗಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ಮೊಕದ್ದಮೆ ಹೂಡಿತು. ದೇಶದಾದ್ಯಂತ ವಿರೋಧ ಎದ್ದು, ಅದೇ ವರ್ಷದ ಮೇ ತಿಂಗಳಲ್ಲಿ ಮೊಕದ್ದಮೆಗಳನ್ನು ಹಿಂತೆಗೆದುಕೊಂಡಿತು. ಆ ತಳಿಯ ನೋಂದಣಿಯ ವ್ಯಾಜ್ಯದಲ್ಲಿ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ತೀರ್ಪು ಕಂಪೆನಿಯ ಪರವಾಗಿ ಬಂದರೂ, ರೈತರ ಹಕ್ಕಿನ ಕಲಮು ಕಾಯ್ದೆಯಲ್ಲಿ ಹಾಗೆಯೇ ಇದೆ. ಡಂಕೆಲ್ ವಿರುದ್ಧ ಬೀದಿಯಲ್ಲಿ ಕೂಗಿದವರ ದನಿ ಸಹಿಯನ್ನು ತಡೆಯಲಿಲ್ಲ, ನಿಜ. ಆದರೆ ದೇಶದಲ್ಲಿ ಎದ್ದ ಅಂಥ ಕೂಗುಗಳು ಈ ಕಲಮಿನ ಹಿಂದೆ ಇಲ್ಲವೆಂದು ಯಾರೂ ಹೇಳಲಾರರು.

ಹೇಮಾವತಿಯ ದಂಡೆಯ ಹೊಳೆನರಸೀಪುರಕ್ಕೆ ಈ ಚರಿತ್ರೆಯಲ್ಲಿ ಬೇರೆಯೇ ಸ್ಥಾನವಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೊದಲ ಸಚಿವರ ಸಮ್ಮೇಳನ 1996ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಸೇರಿದಾಗ ದೇಶದ ಪ್ರಧಾನಿಯಾಗಿದ್ದವರು ಈ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು. ಇಂದು ಇಲ್ಲಿಯ ಅನೇಕ ಮನೆಗಳಿಗೆ ಭತ್ತ, ಕಬ್ಬಿನಷ್ಟೇ ಆಧಾರ ಬೆಳಗ್ಗೆ ಸಂಜೆ ಡೇರಿಗೆ ಹಾಕುವ ಹಾಲು. ಹದಿನಾರು ದೇಶಗಳ ಆರ್‌ಸಿಇಪಿ ಒಪ್ಪಂದದ ಮಾತುಕತೆ ನಡೆದಾಗ ನ್ಯೂಜಿಲೆಂಡಿನ ಹಾಲಿನ ಪುಡಿ ಅಗ್ಗವಾಗಿ ಬಂದರೆ ಗತಿಯೇನು ಎಂದು ಹೈನುಗಾರರು ಆತಂಕಪಟ್ಟರು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಅದರಿಂದ ಹೊರಗುಳಿಯಿತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲೂ ಹೈನು ಪದಾರ್ಥಗಳಿಗೆ ಸುಂಕ ವಿನಾಯಿತಿ ಕೊಡಲಿಲ್ಲ. ಎಂದರೆ ಈಗ ಕಣ್ಣಿಡಬೇಕಾದದ್ದು ಜಿನೀವಾದ ಮೇಲಷ್ಟೇ ಅಲ್ಲ, ಎರಡು ಮೂರು ದೇಶಗಳ ನಡುವೆ ಬಾಗಿಲು ಮುಚ್ಚಿ ನಡೆಯುವ ಮಾತುಕತೆಗಳ ಮೇಲೂ ಹೌದು.

ಅರಕಲಗೂಡಿನ ಹೊಗೆಸೊಪ್ಪಿನದು ಇನ್ನೊಂದು ಬಗೆಯ ಇಕ್ಕಟ್ಟು. ಇಲ್ಲಿ ಬೆಳೆದು, ಬ್ಯಾರನ್‌ಗಳಲ್ಲಿ ಹದಮಾಡಿ, ಕಾವೇರಿ ತೀರದ ರಾಮನಾಥಪುರದಲ್ಲಿರುವ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುವ ವರ್ಜೀನಿಯಾ ತಂಬಾಕು ರಫ್ತನ್ನು ನಂಬಿದ ಬೆಳೆ. ಬ್ರೆಜಿಲ್, ಜಿಂಬಾಬ್ವೆಗಳಲ್ಲಿ ಫಸಲು ಹೇಗಿದೆ ಎಂಬುದು ಇಲ್ಲಿಯ ಕೂಗುಬೆಲೆಯಲ್ಲಿ ಕಾಣುತ್ತದೆ. ಇನ್ನೊಂದೆಡೆ, 2004ರಲ್ಲಿ ಭಾರತ ಅನುಮೋದಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ, ಸೇವನೆಯನ್ನು ಕುಗ್ಗಿಸಬೇಕು, ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕು ಎನ್ನುತ್ತದೆ. ಜನಾರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಮೊದಲ ಅರ್ಧವನ್ನು ಕಾನೂನು ಮಾಡಿದಷ್ಟು ಸುಲಭವಾಗಿ ಎರಡನೆಯ ಅರ್ಧ ರೈತನ ಹೊಲಕ್ಕೆ ಬರುವುದಿಲ್ಲ. ಬ್ಯಾರನ್ನಿಗೆ ಹಾಕಿದ ಹಣ, ತಂಬಾಕಿಗೆ ಸಿಗುವ ಖಚಿತ ಹರಾಜು ಇವಕ್ಕೆ ಸಾಟಿಯಾದ ಬದಲಿ ಬೆಳೆ ಬೇಕು.

ಹಾಗಾದರೆ ಈ ನಿಯಮಗಳೆಲ್ಲ ಮುರಿದುಬಿದ್ದರೆ ಒಳ್ಳೆಯದೇ? ಅವಸರದ ಉತ್ತರ ಬೇಡ. ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳ ಬಗ್ಗೆ ಅಮೆರಿಕ ಹೂಡಿದ ವ್ಯಾಜ್ಯದಲ್ಲಿ 1999ರಲ್ಲಿ ಭಾರತ ಸೋತು, 2001ರ ಏಪ್ರಿಲ್ 1ರಂದು ಉಳಿದ ನಿರ್ಬಂಧಗಳನ್ನೂ ತೆಗೆಯಬೇಕಾಯಿತು. ಆದರೆ ಅದಕ್ಕೆ ಮುನ್ನ, 1997ರಲ್ಲಿ, ಉಣ್ಣೆಯ ಅಂಗಿಗಳ ಮೇಲೆ ಅಮೆರಿಕ ಹಾಕಿದ್ದ ನಿರ್ಬಂಧ ತಪ್ಪೆಂದು ಅದೇ ಕಟ್ಟೆಯಲ್ಲಿ ಭಾರತ ಗೆದ್ದಿತ್ತು. ಬಲಾಢ್ಯನನ್ನೂ ಕಟಕಟೆಗೆ ಕರೆಯುವ ಆ ನ್ಯಾಯಸ್ಥಾನದ ಮೇಲ್ಮನವಿ ಪೀಠ, ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಿಪಡಿಸಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಅನೇಕ ಸರಕುಗಳ ಮೇಲೆ ಶೇ 50ರವರೆಗೆ ಸುಂಕ ಹೇರಿತು. ನ್ಯಾಯ ಹೇಳುವ ಪಂಚಾಯಿತಿಯೇ ಇಲ್ಲದ ಊರಿನಲ್ಲಿ ಬದು ಒತ್ತುವವನು ದೊಡ್ಡ ಹಿಡುವಳಿದಾರ, ನಷ್ಟ ಸಣ್ಣವನದು.

ಆದುದರಿಂದ ಕೇಳಬೇಕಾದದ್ದು ಎರಡನ್ನು. ನಿಯಮ ಇರಲಿ, ಆದರೆ ಅದನ್ನು ಬರೆಯುವಾಗ ಸಣ್ಣ ರೈತನ ಲೆಕ್ಕವೂ ಮೇಜಿನ ಮೇಲಿರಲಿ ಎಂಬುದು ಒಂದು. ನಿಯಮ ಬಿಟ್ಟುಕೊಟ್ಟ ಜಾಗವನ್ನು ದೆಹಲಿ ಯಾರಿಗಾಗಿ ಬಳಸಿತು ಎಂಬುದು ಇನ್ನೊಂದು. ಕೊಬ್ಬರಿಯ ದರ ಕುಸಿದ ದಿನ ಜಿನೀವಾವನ್ನು ಬೈಯುವುದು ಸುಲಭ. ಬದುವಿನ ಒಳಗಿನ ಉಳುಮೆ ಯಾರದೆಂದು ತಿಳಿದು ಪ್ರಶ್ನೆ ಕೇಳಿದರೆ ಉತ್ತರ ಬೇಗ ಬರುತ್ತದೆ. ಏಕೆಂದರೆ ಜಿನೀವಾಕ್ಕೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮತವಿಲ್ಲ, ದೆಹಲಿಗೆ ಇದೆ.