ಸಕ್ಕರೆ ಕಾಯಿಲೆ, ಕೋಶದ ಕಸಿ ಮತ್ತು ನಾನು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಹಳ್ಳಿಯಿಂದ ಕೆನಡಾದವರೆಗೆ’. ಸಾಫ್ಟ್‌ವೇರ್ ಕೆಲಸದ ಬಗ್ಗೆ ಹೇಳಬಲ್ಲವರು ಈ ಪೆಂಡಾಲಿನಲ್ಲೇ ಹತ್ತು ಜನ ಇದ್ದಾರೆ. ನಾನು ಬೇರೆಯದನ್ನು ಹೇಳುತ್ತೇನೆ, ಕ್ಷಮಿಸಬೇಕು. ಕಳೆದ ತಿಂಗಳು ಪಕ್ಕದ ತಾಲ್ಲೂಕಿನ ಒಬ್ಬ ತಂದೆ ಯಾರಿಂದಲೋ ನನ್ನ ನಂಬರು ಪಡೆದು ಫೋನ್ ಮಾಡಿದ್ದರು. ಅವರ ಮಗಳಿಗೆ ಚಿಕ್ಕ ವಯಸ್ಸಿನಲ್ಲೇ ಸಕ್ಕರೆ ಕಾಯಿಲೆ. “ಸಾರ್, ನಿಮಗೆ ಹೊಸ ಕೋಶ ಹಾಕಿ ಗುಣ ಮಾಡಿದ್ದಾರಂತೆ. ನಮ್ಮ ಮಗೀಗೂ ಹಾಕಿಸ್ತೀವಿ. ಇಲ್ಲೇ ಯಾರೋ ಕಾಂಡಕೋಶ ಹಾಕ್ತಾರಂತೆ. ಒಂದೆಕರೆ ತೆಂಗಿನ ತೋಟ ಐತೆ, ಮಾರಿದ್ರೆ ಆಯ್ತದೆ” ಎಂದರು. ಅವರಿಗೆ ಫೋನಿನಲ್ಲಿ ಅವಸರವಾಗಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಹೇಳಬೇಕೆನಿಸಿದೆ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, 2002ರಲ್ಲಿ, ಎರಡು ತಿಂಗಳಿಗೆ ಎಂಟು ಕಿಲೊ ಇಳಿದೆ. ಪಾಠದ ನಡುವೆ ಎದ್ದೆದ್ದು ಹೊರಗೆ ಹೋಗುತ್ತಿದ್ದೆ, ಬರುವಾಗ ಬೋರ್‌ವೆಲ್ ಹತ್ತಿರ ಬೊಗಸೆಗಟ್ಟಲೆ ನೀರು ಕುಡಿಯುತ್ತಿದ್ದೆ. ಹುಡುಗರು ನನಗೆ ‘ಟ್ಯಾಂಕು’ ಎಂದು ಹೆಸರಿಟ್ಟರು. ಅವರಲ್ಲಿ ಮೂವರು ಇಲ್ಲೇ ಕುಳಿತು ನಗುತ್ತಿದ್ದಾರೆ. ತುಮಕೂರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ 486 ಇತ್ತು.

ಅವ್ವ ಬಹಳ ದಿನ ಅತ್ತದ್ದು ತಾನು ಹಬ್ಬಕ್ಕೆ ಹೋಳಿಗೆ ಹೆಚ್ಚು ಹಾಕಿದ್ದರಿಂದ ಹೀಗಾಯಿತೆಂದು. ಅದು ತಪ್ಪು ತಿಳಿವಳಿಕೆ. ಟೈಪ್ 1 ಸಿಹಿ ತಿಂದದ್ದರಿಂದ ಬರುವುದಲ್ಲ. ಹೊರಗಿನ ರೋಗಾಣುಗಳನ್ನು ಕೊಲ್ಲಬೇಕಾದ ನಮ್ಮದೇ ರೋಗನಿರೋಧಕ ಶಕ್ತಿ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಂದುಹಾಕುತ್ತದೆ. ಆಮೇಲೆ ಹೊರಗಿನಿಂದ ಇನ್ಸುಲಿನ್ ಕೊಡದೆ ದಾರಿಯಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಆ ಸೂಜಿ ಕೊಟ್ಟರು. ಅವನಿಗೆ ಆಗ 14 ವರ್ಷ, ನನ್ನ ಕಾಯಿಲೆ ಗೊತ್ತಾದಾಗ ನನಗಿದ್ದಷ್ಟೇ. ಅದಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಸೊರಗಿ ಸಾಯುವುದನ್ನು ನೋಡುತ್ತಾ ಕೂರಬೇಕಿತ್ತು.

ಆದರೂ ನಮ್ಮ ಮನೆಯಲ್ಲಿ ಒಮ್ಮೆ ಸೂಜಿ ನಿಂತಿತು. ಹತ್ತಿರದ ನೆಂಟರೊಬ್ಬರು ಹಾಗಲಕಾಯಿ ರಸ ಕುಡಿಸಿದರೆ ಸಾಕು, ಸೂಜಿಗೆ ಅಭ್ಯಾಸವಾದರೆ ಕೆಟ್ಟಿತು ಎಂದರು. ನನಗೂ ಸೂಜಿ ಸಾಕಾಗಿತ್ತು, ಖುಷಿಯಿಂದಲೇ ಒಪ್ಪಿದೆ. ಮೂರನೆಯ ದಿನ ವಾಂತಿ, ಏದುಸಿರು. ರಾತ್ರಿ ತೆಂಗಿನಕಾಯಿ ಲಾರಿಯಲ್ಲಿ ತುಮಕೂರಿಗೆ ಒಯ್ದರು. ಎರಡು ದಿನ ಏನಾಯಿತೆಂದು ನನಗೆ ನೆನಪಿಲ್ಲ. ಅಪ್ಪ ಸಾಯುವವರೆಗೂ ಹಾಗಲಕಾಯಿ ಮುಟ್ಟಲಿಲ್ಲ.

ಶಾಲೆಯಲ್ಲಿ ಯಾರಿಗೂ ಹೇಳಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಇತ್ತು. ವಿಷಯ ತಿಳಿದದ್ದು ನಮ್ಮ ವಿಜ್ಞಾನ ಮೇಷ್ಟ್ರಿಗೆ ಮಾತ್ರ. ಪ್ರಾರ್ಥನೆಯ ಹೊತ್ತಿಗೆ ಬೆವತು ನಡುಗಿ ಬಿದ್ದೆ. ಉಪವಾಸ ಇರಬೇಕು ಎಂದುಕೊಂಡ ಮೇಷ್ಟ್ರು ಬೆಲ್ಲದ ನೀರು ಕುಡಿಸಿದರು, ಅದೇ ನನ್ನನ್ನು ಉಳಿಸಿತು. ಆಮೇಲೆ ಎಲ್ಲವನ್ನೂ ಕೇಳಿ ತಿಳಿದುಕೊಂಡರು, ಯಾರಿಗೂ ಹೇಳಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಸ್ಟಾಫ್ ರೂಮಿನ ಅವರ ಮೇಜಿನ ಎಡಗಡೆಯ ಖಾನೆಯಲ್ಲಿ ಒಂದು ಪೊಟ್ಟಣ ಅಚ್ಚುಬೆಲ್ಲ ಇರುತ್ತಿತ್ತು. “ಕೇಳಬೇಡ, ತಗೊಂಡು ತಿನ್ನು” ಎಂದಿದ್ದರು. ಇರುವೆ ಮುತ್ತಿದರೆ ಅವರೇ ಬದಲಾಯಿಸುತ್ತಿದ್ದರು. ಸಾರ್, ನೀವು ಇವತ್ತು ಬಂದಿದ್ದೀರಿ, ನನಗೆ ಅದೇ ದೊಡ್ಡದು.

ಬಿ.ಇ. ಮುಗಿಯಿತು, ಬೆಂಗಳೂರಿನಲ್ಲಿ ಕೆಲಸ, ಮದುವೆ, 2015ರಲ್ಲಿ ಕೆನಡಾದ ಎಡ್ಮಂಟನ್. ಅಲ್ಲಿಗೆ ಹೋಗುವ ಹೊತ್ತಿಗೆ ಒಂದು ಹೊಸ ತೊಂದರೆ ಶುರುವಾಗಿತ್ತು. ಸಕ್ಕರೆ ಇಳಿದಾಗ ಆಗುವ ಬೆವರು, ನಡುಕ, ಹಸಿವು ದೇಹ ಕೊಡುವ ಎಚ್ಚರಿಕೆ. ವರ್ಷಗಟ್ಟಲೆ ಮತ್ತೆ ಮತ್ತೆ ಸಕ್ಕರೆ ಇಳಿದರೆ ಕೆಲವರಲ್ಲಿ ಆ ಎಚ್ಚರಿಕೆಯೇ ನಿಂತುಹೋಗುತ್ತದೆ. ಚೆನ್ನಾಗಿ ಮಾತಾಡುತ್ತಿದ್ದವನು ಹಾಗೇ ಕುಸಿಯುತ್ತಿದ್ದೆ. ಒಂದು ಜನವರಿ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಹಿಮದ ಮೇಲೆ ಬಿದ್ದಿದ್ದೆ; ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿ. ನಾಯಿ ಕರೆದುಕೊಂಡು ಹೊರಟಿದ್ದ ಒಬ್ಬ ಅಜ್ಜಿ ನೋಡದಿದ್ದರೆ ಈ ಭಾಷಣ ಇರುತ್ತಿರಲಿಲ್ಲ. ನನ್ನ ಹೆಂಡತಿ ರಾತ್ರಿ ಎರಡೆರಡು ಸಲ ಎದ್ದು ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಕಸಿಗೆ ನನ್ನನ್ನು ಆರಿಸಿದ್ದು ಈ ಕಾರಣಕ್ಕೆ. ಸೂಜಿ ಬೇಸರವಾಯಿತೆಂದು ಯಾರೂ ಕಸಿ ಮಾಡುವುದಿಲ್ಲ.

1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನಿಯ ವೈದ್ಯಕೀಯ ವಿದ್ಯಾರ್ಥಿ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ಗುಂಪುಗೂಡಿದ ಕೋಶಗಳನ್ನು ಕಂಡ. ಅವಕ್ಕೆ ಅವನ ಹೆಸರಿನ ಕಿರುದ್ವೀಪಗಳೆಂದೇ ಹೆಸರಾಯಿತು. ಇನ್ಸುಲಿನ್ ಹುಟ್ಟುವುದು ಅಲ್ಲೇ. ತೀರಿಕೊಂಡವರ ಮನೆಯವರು ದಾನ ಮಾಡಿದ ಗ್ರಂಥಿಯಿಂದ ಈ ದ್ವೀಪಗಳನ್ನು ಬಿಡಿಸಿ, ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾರೆ. ಅವು ಯಕೃತ್ತಿನಲ್ಲೇ ಬೇರುಬಿಟ್ಟು ಇನ್ಸುಲಿನ್ ಕೊಡಲು ಶುರುಮಾಡುತ್ತವೆ. ಹೊಟ್ಟೆ ಕೊಯ್ಯುವುದಿಲ್ಲ. ನನಗೆ 2019ರಲ್ಲಿ ಎರಡು ಸಲ, ಇಬ್ಬರು ದಾನಿಗಳಿಂದ ಹಾಕಿದರು. ಅವರು ಯಾರೆಂದು ನನಗೆ ಗೊತ್ತಿಲ್ಲ. ಹೆಸರು ಹಾಕದೆ ಎರಡು ಮನೆಗೂ ಕಾಗದ ಬರೆದೆ. ಒಂದು ಕಾಗದ ಬರೆಯಲು ಮೂರು ವಾರ ಹಿಡಿಯಿತು.

ಹದಿನಾಲ್ಕು ತಿಂಗಳು ಒಂದೂ ಸೂಜಿ ಇಲ್ಲದೆ ಇದ್ದೆ. ಊರಿಗೆ ‘ಗುಣವಾಯಿತು’ ಎಂಬ ಸುದ್ದಿ ಬಂದದ್ದು ಆಗಲೇ. ಮುಂದಿನದು ಬರಲಿಲ್ಲ.

ಬೇರೆಯವರ ಕೋಶವನ್ನು ದೇಹ ಹೊರದಬ್ಬದಿರಲು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆಗಳನ್ನು, ಆ ಕೋಶ ಬದುಕಿರುವವರೆಗೂ ನುಂಗಬೇಕು. ಟ್ಯಾಕ್ರೊಲಿಮಸ್ ಹನ್ನೆರಡು ಗಂಟೆಗೊಮ್ಮೆ. (ಎಡ್ಮಂಟನ್‌ಗೂ ನಮಗೂ ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆಯ ಅಂತರ, ಅಲ್ಲಿಯ ಬೆಳಗಿನ ಮಾತ್ರೆ ಇಲ್ಲಿ ರಾತ್ರಿಯದಾಗುತ್ತದೆ, ಅಷ್ಟು ಅನುಕೂಲ.) ಅದರಿಂದ ಕೈ ನಡುಕ ಬಂತು. ಕೀಬೋರ್ಡ್ ಮೇಲೆ ಬದುಕುವವನಿಗೆ ಅದು ಸಣ್ಣದಲ್ಲ. ಬಿಳಿ ರಕ್ತಕಣ ಇಳಿದು ಸರ್ಪಸುತ್ತು ಎದ್ದಿತು, ಒಂದು ತಿಂಗಳು ಅಂಗಿ ತೊಡಲಾಗಲಿಲ್ಲ. ಆಮೇಲೆ ಮೂತ್ರಪಿಂಡದ ಕ್ರಿಯಾಟಿನಿನ್ ಏರಿತು. ಆ ಮಾತ್ರೆ ಕಡಿಮೆ ಮಾಡಿ ಸಿರೊಲಿಮಸ್ ಕೊಟ್ಟರು, ಬಾಯಿ ತುಂಬ ಹುಣ್ಣಾಯಿತು. ಮುದ್ದೆಯೊಂದೇ ಗಂಟಲಿಗೆ ಇಳಿಯುತ್ತಿದ್ದದ್ದು, ಅದೂ ಮಜ್ಜಿಗೆಯಲ್ಲಿ; ಸಾರು ಮುಟ್ಟುವಂತಿರಲಿಲ್ಲ. ತಮಾಷೆಯೆಂದರೆ, ಕೋಶ ಕಾಪಾಡುವ ಟ್ಯಾಕ್ರೊಲಿಮಸ್ ತಾನೇ ಸಕ್ಕರೆಯನ್ನೂ ಏರಿಸಬಲ್ಲದು. ಎರಡು ವಾರಕ್ಕೊಮ್ಮೆ ರಕ್ತ ಕೊಟ್ಟು, ಮಾತ್ರೆಯ ಪ್ರಮಾಣ ನೋಡಿ, ಏರಿಸಿ, ಇಳಿಸಿ. ನಮ್ಮ ಕೆಲಸದಲ್ಲಿ ಒಂದು ದೋಷ ಸರಿಪಡಿಸಲು ಹೋಗಿ ಇನ್ನೆರಡು ಹುಟ್ಟುವುದುಂಟಲ್ಲ, ಹಾಗೆ.

2021ರ ಮೇ ತಿಂಗಳಲ್ಲಿ ಅಪ್ಪ ಕೋವಿಡ್‌ನಿಂದ ಹೋದರು. ಆಗ ಭಾರತದ ನೇರ ವಿಮಾನಗಳನ್ನು ಕೆನಡಾ ನಿಲ್ಲಿಸಿತ್ತು. ವಿಮಾನ ಇದ್ದಿದ್ದರೂ ಈ ಮಾತ್ರೆ ನುಂಗುವವನು ಆ ದಿನಗಳಲ್ಲಿ ಬರುವುದು ಬೇಡವೆಂದು ಡಾಕ್ಟರು ಕೈ ಮುಗಿದರು. ತಮ್ಮ ಬೆಂಕಿ ಇಟ್ಟದ್ದನ್ನು ಫೋನಿನಲ್ಲಿ ನೋಡಿದೆ.

ಈಗ ಕೋಶಗಳು ಅರೆಬರೆ ಕೆಲಸ ಮಾಡುತ್ತಿವೆ. ದಿನಕ್ಕೆ 46 ಯೂನಿಟ್ ಹಾಕುತ್ತಿದ್ದವನು ಈಗ ರಾತ್ರಿ 12 ಹಾಕಿಕೊಳ್ಳುತ್ತೇನೆ. ಇದು ನನ್ನೊಬ್ಬನ ಕಥೆಯಲ್ಲ. 2000ದಲ್ಲಿ ಎಡ್ಮಂಟನ್‌ನ ವೈದ್ಯರು ಏಳು ಜನರನ್ನು ಇನ್ಸುಲಿನ್‌ನಿಂದ ಬಿಡಿಸಿದಾಗ ಲೋಕವೆಲ್ಲ ಹಬ್ಬ ಮಾಡಿತು. ಅದೇ ಕೇಂದ್ರದ ರೋಗಿಗಳನ್ನು ಐದು ವರ್ಷದ ನಂತರ ನೋಡಿದಾಗ ಪೂರ್ತಿ ಸೂಜಿ ಬಿಟ್ಟೇ ಇದ್ದವರು ನೂರಕ್ಕೆ ಹತ್ತರಷ್ಟು. ಆದರೆ ನೂರಕ್ಕೆ ಎಂಬತ್ತರಷ್ಟು ಜನರಲ್ಲಿ ಕೋಶಗಳು ಇನ್ನೂ ಅಷ್ಟಿಷ್ಟು ಕೆಲಸ ಮಾಡುತ್ತಿದ್ದವು. ನನಗೂ ಅದೇ ಲಾಭ. ಕಸಿಯಾದ ಮೇಲೆ ಒಮ್ಮೆಯೂ ಎಚ್ಚರ ತಪ್ಪಿ ಬಿದ್ದಿಲ್ಲ. ನನ್ನ ಹೆಂಡತಿ ರಾತ್ರಿ ನಿದ್ದೆ ಮಾಡುತ್ತಾಳೆ. ಅದಕ್ಕಾಗಿ ಈ ಹುಣ್ಣು, ನಡುಕ ಎಲ್ಲವನ್ನೂ ಮತ್ತೆ ಒಪ್ಪುತ್ತೇನೆ. ಅಪ್ಪನ ಮುಖ ನೋಡಲಾಗದ್ದನ್ನು ಮಾತ್ರ ಯಾವ ಲೆಕ್ಕಕ್ಕೆ ಸೇರಿಸಬೇಕೋ ತಿಳಿಯದು.

ಮೊನ್ನೆ ಚಿಕ್ಕಮ್ಮ ಹಿತ್ತಲ ಚಕ್ಕೋತ ಬಿಡಿಸಿ ಕೊಟ್ಟಾಗ ಬೇಡವೆಂದೆ, ಬೇಸರ ಮಾಡಿಕೊಂಡರು. ಚಿಕ್ಕಮ್ಮ, ಚಕ್ಕೋತ ತಿಂದರೆ ರಕ್ತದಲ್ಲಿ ನನ್ನ ಮಾತ್ರೆ ವಿಪರೀತ ಏರಬಹುದು. ಜಾತ್ರೆಯ ಪಾನಕ ಕುಡಿಯಲಿಲ್ಲವೆಂದು ಆಡಿಕೊಂಡವರಿಗೂ ಉತ್ತರ ಇಂಥದ್ದೇ: ಕಾಯಿಸದ ನೀರಿನ ಭೇದಿ ನಿಮಗೆ ಎರಡು ದಿನ, ನನಗೆ ಆಸ್ಪತ್ರೆ.

ಆ ತಂದೆಗೆ ನಾನು ಹೇಳಿದ್ದು ಇಷ್ಟು. ತೋಟ ಮಾರಬೇಡಿ. ಬೆಳೆಯುವ ಮಗುವಿಗೆ ಜೀವನಪೂರ್ತಿ ಈ ಮಾತ್ರೆ ನುಂಗಿಸುವುದು ಇನ್ಸುಲಿನ್‌ಗಿಂತ ದೊಡ್ಡ ಕಷ್ಟ. ಕಾಂಡಕೋಶದಿಂದ ಬೆಳೆಸಿದ ದ್ವೀಪಗಳ ಪ್ರಯೋಗ ನಡೆದಿರುವುದು ನಿಜ, 2025ರಲ್ಲಿ ಒಳ್ಳೆಯ ಸುದ್ದಿಯೂ ಬಂದಿದೆ. ಅವರಿಗೂ ಇವೇ ಬಗೆಯ ಮಾತ್ರೆಗಳು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸಕ್ಕರೆ ಕಾಯಿಲೆಗೆ ಕಾಂಡಕೋಶ ಚಿಕಿತ್ಸೆ ಒಪ್ಪಿತವಲ್ಲ. ಪ್ರಯೋಗವೆಂದು ನಡೆಸಬಹುದು, ಪ್ರಯೋಗಕ್ಕೆ ರೋಗಿಯ ಹತ್ತಿರ ದುಡ್ಡು ಕೇಳುವಂತಿಲ್ಲ. ದುಡ್ಡು ಕೇಳಿದರೆ ಎದ್ದು ಬನ್ನಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಸಾಯೋಗಂಟ ಸೂಜೀನೇನಾ ಸಾರ್?” ಎಂದರು. ಹೌದು ಎಂದೆ. ಈಗಿನ ಮಟ್ಟಿಗೆ ಹೌದು. ಇಪ್ಪತ್ಮೂರು ವರ್ಷದಿಂದ ನನ್ನನ್ನು ಬದುಕಿಸಿರುವುದೂ ಅದೇ ಎಂದೆ.

ಇಲ್ಲಿರುವ ಶಿಕ್ಷಕರಲ್ಲಿ ಒಂದು ಕೋರಿಕೆ. ಇನ್ಸುಲಿನ್ ಹಾಕಿಕೊಳ್ಳುವ ಮಗು ಬೆವೆತು, ನಡುಗಿ, ಏನೇನೋ ಮಾತಾಡತೊಡಗಿದರೆ ಬೈಯಬೇಡಿ. ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ನೋಡಿ, ಸುಧಾರಿಸದಿದ್ದರೆ ಮತ್ತೆ ಕೊಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ನಿನ್ನೆ ಸ್ಟಾಫ್ ರೂಮಿಗೆ ಹೋಗಿದ್ದೆ. ಮೇಷ್ಟ್ರ ಹಳೆಯ ಮೇಜು ಈಗ ಇಲ್ಲ, ಕಬ್ಬಿಣದ ಬೀರು ಬಂದಿದೆ. ಅದರ ಮೇಲಿನ ಅರೆಯಲ್ಲಿ ಒಂದು ಗ್ಲುಕೋಮೀಟರು, ಪಟ್ಟಿಗಳು, ಎರಡು ಪೊಟ್ಟಣ ಗ್ಲೂಕೋಸ್ ಪುಡಿ ಇಟ್ಟಿದ್ದೇನೆ. ಪಟ್ಟಿಯ ಅವಧಿ ಮುಗಿಯುವ ತಿಂಗಳನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಮುಖ್ಯೋಪಾಧ್ಯಾಯರು ಯಾರಾದರೊಬ್ಬರಿಗೆ ವಹಿಸಿದರೆ ಸಾಕು, ಹೊಸದು ಕಳಿಸುವುದು ನನ್ನ ಜವಾಬ್ದಾರಿ. ಬೀರುವಿಗೆ ಬೀಗ ಹಾಕುವುದು ಬೇಡ.