ಹಳೆಯ ಲ್ಯಾಪ್‌ಟಾಪಿಗೆ ಹೊರಗಿನ ಡ್ರೈವಿನಲ್ಲಿ ಲಿನಕ್ಸ್

(ವಿದ್ಯಾರ್ಥಿಗಳು ಹಾಗೂ ಕೃಷಿಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಕಂಪನಿ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರೂ ಇರಬೇಕು. ಹೀಗಾಗಿ ಪರದೆ, ಕೀಲಿಮಣೆಗಳು ಸುಸ್ಥಿತಿಯಲ್ಲಿರುವ ಲ್ಯಾಪ್‌ಟಾಪುಗಳೂ ‘ಹಳತು’ ಎನಿಸಿಕೊಂಡು ಅಟ್ಟ ಸೇರುತ್ತಿವೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯವನ್ನು ಹೊರಹಾಕಿತೆಂದು ವಿಶ್ವಸಂಸ್ಥೆಯ ವರದಿ ತಿಳಿಸುತ್ತದೆ. ಅದರಲ್ಲಿ ಕ್ರಮಬದ್ಧ ಸಂಗ್ರಹಣೆ ಮತ್ತು ಮರುಬಳಕೆಗೆ ಒಳಪಟ್ಟದ್ದು ಶೇ. 22.3 ಮಾತ್ರ.

ಇಂಥ ಯಂತ್ರಕ್ಕೆ ಲಿನಕ್ಸ್ ಹಾಕಿಕೊಳ್ಳಿ ಎಂದು ಹೇಳುವುದು ಸುಲಭ. ಆದರೆ ನಮ್ಮ ಮನೆಗಳಲ್ಲಿ ಲ್ಯಾಪ್‌ಟಾಪ್ ಒಬ್ಬರದಲ್ಲ. ಅಪ್ಪನ ಅಡಿಕೆ ಲೆಕ್ಕ, ಅಕ್ಕನ ಮದುವೆಯ ಚಿತ್ರಗಳು, ಸಂಘದ ನಡಾವಳಿ ಎಲ್ಲವೂ ಅದರೊಳಗಿರುತ್ತವೆ. ‘ಇದ್ದದ್ದೂ ಅಳಿಸಿಹೋದರೆ?’ ಎಂಬ ಅಂಜಿಕೆ ನ್ಯಾಯವಾದದ್ದೇ. ಹೊಸ ತಳಿಯನ್ನು ಯಾವ ರೈತನೂ ಮೊದಲ ವರ್ಷವೇ ಇಡೀ ಗದ್ದೆಗೆ ಹಾಕುವುದಿಲ್ಲ. ಒಂದು ಮೂಲೆಯಲ್ಲಿ ಬೆಳೆದು ನೋಡುತ್ತಾನೆ. ಹೊರಗಿನ ಡ್ರೈವ್ ಅಂಥ ಮೂಲೆ. ಒಳಗಿನ ಡಿಸ್ಕನ್ನು ಮುಟ್ಟದೆ ಲಿನಕ್ಸ್ ಅನ್ನು ಪೂರ್ಣವಾಗಿ ಅಲ್ಲಿ ಸ್ಥಾಪಿಸಬಹುದು.

ಆರಂಭಿಸುವವರಿಗೆ ನಾನು ಸೂಚಿಸುವುದು ಲಿನಕ್ಸ್ ಮಿಂಟ್. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಬೇಕು. 4 ಜಿಬಿ ರ‍್ಯಾಮ್, 100 ಜಿಬಿ ಜಾಗವಿದ್ದರೆ ನೆಮ್ಮದಿ. ಪೆನ್‌ಡ್ರೈವಿನಲ್ಲೇ ಸ್ಥಾಪಿಸಲೂಬಹುದು. ಆದರೆ ನಿರಂತರವಾದ ಸಣ್ಣಸಣ್ಣ ಬರವಣಿಗೆಯನ್ನು ಅದು ತಾಳುವುದಿಲ್ಲ, ನಿಧಾನವೂ ಹೌದು. ಯುಎಸ್‌ಬಿ 3 ಕಿಂಡಿಗೆ ಜೋಡಿಸಿದ ಎಸ್‌ಎಸ್‌ಡಿ ಉತ್ತಮ. ಕೆಟ್ಟುಹೋದ ಲ್ಯಾಪ್‌ಟಾಪಿನಿಂದ ತೆಗೆದ ಹಾರ್ಡ್‌ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿಯೂ ಬಳಸಬಹುದು. ಅದು ತಿರುಗುತ್ತಿರುವಾಗ ಅಲುಗಾಡಿಸಕೂಡದು, ಅಷ್ಟೆ.

ಮೊದಲು ಮಿಂಟ್‌ನ ಐಎಸ್‌ಒ ಕಡತವನ್ನು ಇಳಿಸಿಕೊಂಡು, ರೂಫಸ್ ಅಥವಾ ಎಚರ್ ತಂತ್ರಾಂಶದಿಂದ 8 ಜಿಬಿಯ ಪೆನ್‌ಡ್ರೈವಿಗೆ ಬರೆಯಬೇಕು. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ. ಲ್ಯಾಪ್‌ಟಾಪನ್ನು ಅದರಿಂದ ಚಾಲೂ ಮಾಡಿದಾಗ (ತಯಾರಕರಿಗೆ ಅನುಗುಣವಾಗಿ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ) ಏನನ್ನೂ ಸ್ಥಾಪಿಸದೆಯೇ ಮಿಂಟ್ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಪ್ರಿಂಟರ್ ಇವುಗಳನ್ನು ಆಗಲೇ ಪರೀಕ್ಷಿಸಿರಿ. ಇಲ್ಲಿ ನಡೆಯದ ಪ್ರಿಂಟರ್ ಸ್ಥಾಪನೆಯ ಬಳಿಕ ತಾನಾಗಿ ನಡೆಯುವುದೆಂದು ನಂಬಬೇಡಿ.

ಇನ್ನು ಎಲ್ಲರೂ ಎಡವುವ ಜಾಗ. ಯಂತ್ರ ಎಚ್ಚರಗೊಂಡಾಗ ಲಿನಕ್ಸನ್ನು ಹುಡುಕಿ ಎಬ್ಬಿಸುವ ಒಂದು ಪುಟ್ಟ ತಂತ್ರಾಂಶವಿದೆ, ಗ್ರಬ್ ಎಂದು ಅದರ ಹೆಸರು. ಅದನ್ನು ಹೊರಗಿನ ಡ್ರೈವಿಗೇ ಹಾಕು ಎಂದು ನಾವು ಆರಿಸಿದರೂ, ಯುಇಎಫ್‌ಐ ಇರುವ ಲ್ಯಾಪ್‌ಟಾಪುಗಳಲ್ಲಿ ಸ್ಥಾಪಕವು ಬಹುಪಾಲು ಒಳಗಿನ ಡಿಸ್ಕಿನ ಇಎಫ್‌ಐ ವಿಭಾಗಕ್ಕೆ ಅದನ್ನು ಬರೆದುಬಿಡುತ್ತದೆ. ಬಂದಳಿಕೆ ಬೇರೆ ಮರದೊಳಗೆ ಬೇರಿಳಿಸಿದ ಹಾಗೆ! ಮರುದಿನ ಡ್ರೈವ್ ಕಳಚಿ ಲ್ಯಾಪ್‌ಟಾಪ್ ಹಚ್ಚಿದರೆ ವಿಂಡೋಸ್ ಬಾರದೆ, ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂಬ ಪದವೊಂದೇ ಕಾಣುತ್ತದೆ. ದತ್ತಾಂಶ ಅಳಿದಿರುವುದಿಲ್ಲ, ಬೂಟ್ ಪಟ್ಟಿಯಲ್ಲಿ ವಿಂಡೋಸನ್ನು ಮತ್ತೆ ಮೊದಲಿಗೆ ತಂದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಮನೆಯವರ ನಂಬಿಕೆ ಆ ಕ್ಷಣಕ್ಕೇ ಹೋಗಿರುತ್ತದೆ.

ಇದನ್ನು ತಪ್ಪಿಸುವ ನಿಶ್ಚಿತ ಉಪಾಯವೆಂದರೆ ಹಿಂಬದಿಯ ಸ್ಕ್ರೂ ಬಿಚ್ಚಿ ಒಳಗಿನ ಡಿಸ್ಕನ್ನು ತಾತ್ಕಾಲಿಕವಾಗಿ ಕಳಚಿಡುವುದು. ಪೇಟೆಯ ರಿಪೇರಿಯವರು ಇದನ್ನು ಬೇಗನೆ ಮಾಡಿಕೊಡುತ್ತಾರೆ. ಬಿಚ್ಚಲಾಗದಿದ್ದರೆ, ಸ್ಥಾಪನೆಗೆ ಮುನ್ನ ಜಿಪಾರ್ಟೆಡ್‌ನಲ್ಲಿ ಒಳಗಿನ ಇಎಫ್‌ಐ ವಿಭಾಗದ ‘ಬೂಟ್’, ‘ಇಎಸ್‌ಪಿ’ ಗುರುತುಗಳನ್ನು ತೆಗೆದು, ಮುಗಿದ ಮೇಲೆ ಮರಳಿ ಹಾಕಬೇಕು. ಹೊರಗಿನ ಡ್ರೈವಿನಲ್ಲಿ 512 ಎಂಬಿಯ ಇಎಫ್‌ಐ ವಿಭಾಗವೊಂದು, ಉಳಿದದ್ದು ಎಕ್ಸ್‌ಟಿ4 ವಿಭಾಗ, ಇಷ್ಟು ಸಾಕು. ಒಳಗಿನ ಡಿಸ್ಕ್ ಕಳಚದೆ ಇದ್ದಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನಷ್ಟೇ ನೆಚ್ಚಬೇಡಿ, ಅವು ಅದಲುಬದಲಾಗಬಲ್ಲವು. ಗಾತ್ರ ನೋಡಿ ಡ್ರೈವನ್ನು ಗುರುತಿಸಿರಿ. ವಿಂಡೋಸಿನಲ್ಲಿ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಬೂಟ್ ವ್ಯವಸ್ಥೆಯನ್ನು ಬದಲಿಸಿದಾಗ ಅದು ಕೀಲಿ ಕೇಳುವುದುಂಟು.

ಲಿನಕ್ಸಿನಲ್ಲಿ ಕನ್ನಡಕ್ಕೇನು ಎಂದು ಹಿರಿಯರು ಕೇಳುತ್ತಾರೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವಿದೆ, ಯೂನಿಕೋಡ್ ಬರಹಕ್ಕೆ ಯಾವ ತೊಡಕೂ ಇಲ್ಲ. ತೊಡಕಿರುವುದು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಸಂಘದ ಕಡತಗಳದು. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸುವವರೆಗೆ ವಿಂಡೋಸ್ ಒಳಗೆ ಉಳಿದಿರಲಿ. ಆದರೆ ಬೆಂಬಲ ನಿಂತ ಅದನ್ನು ಅಂತರ್ಜಾಲಕ್ಕೆ ಜೋಡಿಸದೆ ಬಳಸುವುದು ಕ್ಷೇಮ.

ಕೊನೆಯದಾಗಿ, ಕೆಲಸದ ನಡುವೆ ಡ್ರೈವಿನ ತಂತಿ ಕಳಚಿದರೆ ಇಡೀ ವ್ಯವಸ್ಥೆ ಸ್ತಬ್ಧವಾಗುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಕರೆಂಟು ಹೋದರೂ ಅದೇ ಗತಿ. ಎಕ್ಸ್‌ಟಿ4 ಇಂಥ ಪೆಟ್ಟಿನಿಂದ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ, ಉಳಿಸದ ಬರಹ ಮಾತ್ರ ಮರಳದು. ಮಳೆಗಾಲದಲ್ಲಿ ಐದು ನಿಮಿಷಕ್ಕೊಮ್ಮೆ ಕಂಟ್ರೋಲ್-ಎಸ್ ಒತ್ತುತ್ತಿರಿ.