ಹೆಚ್ಚುವರಿ ಬೆಲೆ ಯಾರ ಕೈ ಸೇರುತ್ತದೆ?



ಕಾಡನ್ನುಳಿಸಿ, ವಿಷವಿಲ್ಲದೆ ಬೆಳೆದುದಕ್ಕೆ ನಾಲ್ಕು ಕಾಸು ಹೆಚ್ಚು ಕೊಡುವಿರಾ ಎಂದು ಕೇಳಿದರೆ ಪಟ್ಟಣದ ಬಹುಮಂದಿ ಒಪ್ಪುತ್ತಾರೆ. ಅಂಗಡಿಯಲ್ಲಿ ಮಾತ್ರ ಅವರ ಕೈ ಅಗ್ಗದ ಪೊಟ್ಟಣದತ್ತ ಚಾಚುತ್ತದೆ. ಹೆಚ್ಚು ತೆತ್ತವರ ಹಣವಾದರೂ ಬೆಳೆಗಾರನನ್ನು ತಲುಪುವುದೇ ಎಂಬುದು ಇನ್ನೊಂದು ಪ್ರಶ್ನೆ.

ಇದಕ್ಕೆ ಕಾಫಿಯ ನಿದರ್ಶನವಿದೆ. 1988ರಲ್ಲಿ ಮೆಕ್ಸಿಕೋದ ಒವಾಹಾಕಾ ಬೆಟ್ಟಗಳ ಸಣ್ಣ ಬೆಳೆಗಾರರ ಸಹಕಾರ ಸಂಘದ ಕಾಫಿಯು ‘ಮ್ಯಾಕ್ಸ್ ಹಾವೆಲಾರ್’ ಮುದ್ರೆಯೊಡನೆ ನೆದರ್ಲೆಂಡ್ಸಿನ ಸಾಮಾನ್ಯ ಅಂಗಡಿಗಳನ್ನು ಪ್ರವೇಶಿಸಿತು. ಮರುವರ್ಷ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದು ಬೆಲೆ ನೆಲಕಚ್ಚಿದಾಗ, ಮುದ್ರೆಯಡಿ ಮಾರಿದಷ್ಟು ಕಾಫಿಗೆ ಕನಿಷ್ಠ ಬೆಲೆಯ ಆಸರೆಯಿತ್ತು. 2023ರ ಆಗಸ್ಟಿನಲ್ಲಿ ಫೇರ್‌ಟ್ರೇಡ್ ವ್ಯವಸ್ಥೆಯು ತೊಳೆದ ಅರೇಬಿಕಾದ ಕನಿಷ್ಠ ದರವನ್ನು ಪೌಂಡಿಗೆ 1.40ರಿಂದ 1.80 ಡಾಲರಿಗೆ ಏರಿಸಿತು. ಮಾರುಕಟ್ಟೆ ದರ ಅದಕ್ಕಿಂತ ಮೇಲಿದ್ದರೆ ಆ ದರವೇ ಸಲ್ಲಬೇಕು. ಸಂಘವು ಸಭೆಯಲ್ಲಿ ತೀರ್ಮಾನಿಸಿ ವೆಚ್ಚಮಾಡಲು 20 ಸೆಂಟ್ ಪ್ರತ್ಯೇಕ.

ಆದರೂ ಮುದ್ರೆಯೊಂದೇ ಸಾಲದು. ತಪಾಸಣೆಯ ಶುಲ್ಕ ಸಂಘದ ಮೇಲೆ ಬೀಳುತ್ತದೆ; ಕೊಳ್ಳುವವರು ಕಡಿಮೆಯಾದರೆ ಉಳಿದ ಫಸಲು ಸಾಮಾನ್ಯ ದರಕ್ಕೇ ಹೋಗುತ್ತದೆ.

ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ಬಹುಪಾಲು ಮರಗಳ ನೆರಳಿನಲ್ಲಿ ಬೆಳೆದದ್ದು. ಬೆಲೆ ಕುಸಿದರೆ ಆ ಮರಗಳಿಗೂ ಕೊಡಲಿ ಬೀಳುವ ಭಯವಿದೆ. ಆದುದರಿಂದ ಬೆಳೆಗಾರರು ಒಂದಾಗಿ ಮಾರಬೇಕು. ಪೊಟ್ಟಣದ ಬೆಲೆಯಲ್ಲಿ ಬೆಳೆಗಾರನಿಗೆಷ್ಟು, ಕೂಲಿಗೆಷ್ಟು, ವ್ಯಾಪಾರಿಗೆಷ್ಟು ಎಂಬ ಲೆಕ್ಕವನ್ನು ಪೊಟ್ಟಣದ ಮೇಲೆಯೇ ಅಚ್ಚು ಹಾಕಿಸಬೇಕು. ಆ ಲೆಕ್ಕ ಬರೆಯುವ ಕೆಲಸ ವಿದ್ಯಾರ್ಥಿಗಳದಾಗಲಿ. ಕೊಳ್ಳುವವರ ಸದಿಚ್ಛೆಗೆ ಬೆಳೆಯುವವರ ಸಂಘಟನೆ ಜೊತೆಗೂಡದಿದ್ದರೆ ಹೆಚ್ಚುವರಿ ಹಣ ನಡುದಾರಿಯಲ್ಲೇ ಇಂಗಿಹೋಗುತ್ತದೆ.